ಮರೆತುಬಿಡು ಅನ್ನೋದು ಸುಲಭ...

ಮೊನ್ನೆ ಊರಲ್ಲಿ ಒಂದು ಮದುವೆ. ಬೆಂಗಳೂರಿಂದ ಮನೆಯವರೆಲ್ಲ ರಾತ್ರಿ ಬಸ್ಸಿಗೆ ಹೊರಟರು. ನಾನೊಬ್ಬ ಮಾತ್ರ ಹಗಲು ರೈಲಿಗೆ ಬರ್ತೀನಿ ಅಂದೆ. "ಇನ್ನೂ ಅದೇ ಹಳೇ ಕಥೆನಾ ಮಾರಾಯ? ಎಷ್ಟು ವರ್ಷ ಆಯ್ತು? ಮರೆತುಬಿಡು ಅತ್ಲಾಗೆ" ಅಂದ ಭಾವ. ನಕ್ಕು ಸುಮ್ಮನಾದೆ. ಆದರೆ ರೈಲಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ಆ ಹಳೇ ಕಥೆ ಇಷ್ಟೇ. 2009ರ ಮಳೆಗಾಲ. ನಾನಿದ್ದ ರಾತ್ರಿ ಬಸ್ಸು ಘಟ್ಟ ಇಳಿಯುವಾಗ ತಿರುವಿನಲ್ಲಿ ಜಾರಿ, ರಸ್ತೆ ಬಿಟ್ಟು ಒಂದು ಮರಕ್ಕೆ ಒರಗಿ ನಿಂತಿತು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ನನ್ನ ಮುಂಗೈ ಮೂಳೆ ಮುರಿದಿತ್ತು, ಒಂದೆರಡು ತಿಂಗಳಲ್ಲಿ ಅದು ಕೂಡಿಕೊಂಡಿತು. ಸರಿಹೋಗದೇ ಉಳಿದದ್ದು ಇನ್ನೊಂದು. ಇವತ್ತಿಗೂ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಸಾಕು, ಅಂಗೈ ಬೆವರುತ್ತೆ, ಎದೆ ಡವಡವ ಅನ್ನುತ್ತೆ. ಬಸ್ಸಿನ ನಂಬರು ನೆನಪಿಲ್ಲ. ಪಕ್ಕದ ಸೀಟಿನವರ ಮುಖ ನೆನಪಿಲ್ಲ. ಅವತ್ತು ಯಾವ ವಾರ ಅಂತಲೂ ನೆನಪಿಲ್ಲ. ಅಂದರೆ ಭಾವ ಹೇಳಿದ ಕೆಲಸವನ್ನ ನಾನು ಆಗಲೇ ಮುಕ್ಕಾಲು ಮಾಡಿ ಮುಗಿಸಿದ್ದೀನಿ! ಉಳಿದಿರೋದು ಭಯ ಒಂದೇ.

ಇದು ನನ್ನೊಬ್ಬನ ವಿಚಿತ್ರ ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾಗಿದ್ದು ಕ್ಲಾಪರೇಡ್ ಅನ್ನೋ ಸ್ವಿಸ್ ವೈದ್ಯನ ಕಥೆ ಓದಿದ ಮೇಲೆ. ಜಿನೀವಾದಲ್ಲಿದ್ದ ಆತ 1911ರಲ್ಲಿ ಇದನ್ನ ಬರೆದ. ಅವನ ಹತ್ತಿರ ಒಬ್ಬ ಹೆಂಗಸು ಇದ್ದಳು. ಅವಳಿಗೆ ಹೊಸದು ಯಾವುದೂ ನೆನಪಲ್ಲಿ ನಿಲ್ಲುತ್ತಿರಲಿಲ್ಲ, ದಿನಾ ನೋಡುವ ಡಾಕ್ಟರೂ ಅವಳಿಗೆ ಅಪರಿಚಿತನೇ. ಒಂದು ದಿನ ಆತ ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಅವಳ ಕೈಗೆ ಚುಚ್ಚಿದ. ಆಕೆ ಅದನ್ನೂ ಬೇಗ ಮರೆತಳು. ಆದರೆ ಆಮೇಲೆ ಆತ ಕೈ ಚಾಚಿದಾಗ ಆಕೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. ಯಾಕೆ ಅಂತ ಅವಳಿಗೇ ಸರಿಯಾಗಿ ಗೊತ್ತಿಲ್ಲ!

ಅಂದರೆ ಏನಾಯ್ತು ಅನ್ನೋ ನೆನಪು ಬೇರೆ, ಹೆದರಬೇಕು ಅನ್ನೋ ನೆನಪು ಬೇರೆ. ಮೊದಲನೆಯದಕ್ಕೆ ಮಿದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗ ಮುಖ್ಯ, ಎರಡನೆಯದಕ್ಕೆ ಬಾದಾಮಿ ಆಕಾರದ ಅಮಿಗ್ಡಲ ಮುಖ್ಯ. ಎರಡೂ ಒಂದಕ್ಕೊಂದು ಮಾತಾಡಿಕೊಂಡೇ ಕೆಲಸ ಮಾಡೋದು ನಿಜ. ಆದರೂ ಒಂದು ಅಳಿಸಿಹೋದರೂ ಇನ್ನೊಂದು ಉಳಿಯಬಹುದು. "ಮರೆತುಬಿಡು" ಅನ್ನುವವರು ಎರಡನ್ನೂ ಒಂದೇ ಅಂದುಕೊಂಡಿರ್ತಾರೆ.

ಈಗ ಔಷಧದ ವಿಷಯಕ್ಕೆ ಬರ್ತೀನಿ.

ಪ್ರೊಪ್ರನೊಲಾಲ್ ಅಂತ ಒಂದು ಮಾತ್ರೆ ಇದೆ. ನಿಮ್ಮಲ್ಲಿ ಕೆಲವರ ಮನೆಯ ಔಷಧಿ ಡಬ್ಬಿಯಲ್ಲೇ ಇರಬಹುದು. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಅನ್ನೋ ಸ್ಕಾಟಿಷ್ ವಿಜ್ಞಾನಿ ಹೃದಯದ ಕಾಯಿಲೆಗೆ ಅಂತ ಇದನ್ನ ರೂಪಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಬಿ.ಪಿ.ಗೆ, ಕೈ ನಡುಕಕ್ಕೆ, ಅರೆತಲೆನೋವಿಗೆ ಇದನ್ನ ಕೊಡ್ತಾರೆ. ಅಡ್ರೆನಲಿನ್ ಮತ್ತು ಅದರ ತಮ್ಮನಂತಿರುವ ನಾರ್‌ಅಡ್ರೆನಲಿನ್ ಹೋಗಿ ಕೂರುವ ಜಾಗಗಳಲ್ಲಿ ಒಂದು ಬಗೆಯದನ್ನ ಇದು ಮುಚ್ಚಿಬಿಡುತ್ತೆ. ಸೀಟಿನ ಮೇಲೆ ಮೊದಲೇ ಟವೆಲ್ ಹಾಕಿಟ್ಟ ಹಾಗೆ.

ನಾವು ಹೆದರಿದಾಗ ದೇಹದಲ್ಲಿ ಉಕ್ಕುವ ಈ ರಾಸಾಯನಿಕಗಳೇ ಅಮಿಗ್ಡಲಕ್ಕೆ "ಇದನ್ನ ಗಟ್ಟಿಯಾಗಿ ಬರೆದುಕೋ" ಅಂತ ಹೇಳೋದು. ಕ್ಯಾಲಿಫೋರ್ನಿಯಾದ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತವರ ಜೊತೆಗಾರರು 1994ರಲ್ಲಿ ಇದನ್ನ ಮನುಷ್ಯರ ಮೇಲೇ ಪರೀಕ್ಷೆ ಮಾಡಿದರು. ಚಿತ್ರಗಳ ಜೊತೆ ಒಂದು ಕಥೆ. ತಾಯಿ ಮಗ ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡುವ ತಂದೆಯನ್ನ ನೋಡಲು ಹೋಗ್ತಾರೆ. ದಾರಿಯಲ್ಲಿ ಮಗನಿಗೆ ಕಾರು ಡಿಕ್ಕಿ ಹೊಡೆದು ಪಾದಗಳೇ ತುಂಡಾಗುತ್ತವೆ. ವಾರದ ನಂತರ ಕೇಳಿದಾಗ ಸುಮ್ಮನೆ ಸಕ್ಕರೆ ಗುಳಿಗೆ ತಗೊಂಡವರು ಆ ಅಪಘಾತದ ಭಾಗವನ್ನ ಉಳಿದದ್ದಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಪ್ರೊಪ್ರನೊಲಾಲ್ ತಗೊಂಡವರಿಗೆ ಆ ವಿಶೇಷ ನೆನಪು ಇರಲಿಲ್ಲ. ಅಪಘಾತವಿಲ್ಲದ ಸಾದಾ ಕಥೆ ಕೇಳಿದವರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಅಂದರೆ ಮಾತ್ರೆ ನೆನಪಿನ ಶಕ್ತಿಯನ್ನೇ ಕುಂದಿಸಲಿಲ್ಲ, ಭಯ ಹಚ್ಚಿದ ಒತ್ತು ಮಾತ್ರ ತೆಗೆಯಿತು.

ಇದು ಎದೆಬಡಿತ ಕಡಿಮೆ ಆಗಿದ್ದರಿಂದ ಬಂದ ಫಲ ಇರಬಹುದಲ್ಲ? ಆ ಅನುಮಾನಕ್ಕೂ 1998ರಲ್ಲಿ ಉತ್ತರ ಸಿಕ್ಕಿತು. ನಾಡೊಲಾಲ್ ಅಂತ ಇದೇ ಜಾತಿಯ ಇನ್ನೊಂದು ಔಷಧ ಇದೆ. ಅದು ಹೃದಯಕ್ಕೆ ತಾಗುತ್ತೆ, ಮಿದುಳಿನ ಒಳಗೆ ಹೋಗೋದು ಬಹಳ ಕಡಿಮೆ. ಆಂಡಾ ಫಾನ್ ಸ್ಟೆಗೆರೆನ್ ಮತ್ತು ಜೊತೆಗಾರರು ಎರಡನ್ನೂ ಹೋಲಿಸಿ ನೋಡಿದರು. ನೆನಪಿನ ಮೇಲೆ ಪರಿಣಾಮ ಕಂಡಿದ್ದು ಮಿದುಳಿಗೆ ನುಗ್ಗುವ ಪ್ರೊಪ್ರನೊಲಾಲಿನಿಂದ ಮಾತ್ರ.

ಸರಿ, ಇದೆಲ್ಲ ನೆನಪು ಬರೆದುಕೊಳ್ಳುವ ಹೊತ್ತಿನ ಮಾತಾಯ್ತು. ಆದರೆ ನನ್ನ ಹಾಗೆ ಹಳೇ ಭಯ ಇಟ್ಟುಕೊಂಡವರ ಗತಿ? ಹಳೇ ನೆನಪು ಕಲ್ಲಿನ ಮೇಲೆ ಕೊರೆದ ಶಾಸನದ ಹಾಗೆ, ಮತ್ತೆ ತಿದ್ದಲಿಕ್ಕಾಗಲ್ಲ ಅಂತಲೇ ಬಹಳ ಕಾಲ ನಂಬಿದ್ದರು. 1968ರಲ್ಲೇ ಇಲಿಗಳ ಮೇಲಿನ ಒಂದು ಪ್ರಯೋಗ ಬೇರೆ ಮಾತು ಹೇಳಿತ್ತು, ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 2000ದಲ್ಲಿ ನ್ಯೂಯಾರ್ಕಿನ ಕರೀಮ್ ನಾದೆರ್, ಗ್ಲೆನ್ ಶೇಫ್, ಜೋಸೆಫ್ ಲೆಡೂ ಸೇರಿ ಇನ್ನೊಂದು ಪ್ರಯೋಗ ಮಾಡಿದರು. ಶಬ್ದ ಕೇಳಿಸಿ ಶಾಕ್ ಕೊಟ್ಟು ಇಲಿಗಳಿಗೆ ಆ ಶಬ್ದದ ಭಯ ಕಲಿಸಿದರು. ಎರಡು ವಾರ ಹಳೆಯದಾದ ಮೇಲೂ, ಅದೇ ಶಬ್ದವನ್ನ ಒಮ್ಮೆ ಕೇಳಿಸಿ, ಕೂಡಲೇ ಅಮಿಗ್ಡಲದೊಳಗೆ ಹೊಸ ಪ್ರೋಟೀನು ತಯಾರಾಗದಂತೆ ತಡೆಯುವ ಔಷಧ ಹಾಕಿದರು. ಭಯ ಹೋಯಿತು! ಶಬ್ದ ಕೇಳಿಸದೆ ಬರೀ ಔಷಧ ಹಾಕಿದಾಗ? ಏನೂ ಆಗಲಿಲ್ಲ.

ಇಲ್ಲೇ ನೋಡಿ ನನ್ನ ಇಡೀ ಬರಹದ ಗಂಟಿರೋದು. ನೆನಪನ್ನ ತೆಗೆದಾಗ ಅದು ಸ್ವಲ್ಪ ಹೊತ್ತು ಹಸಿಯಾಗುತ್ತೆ. ಮತ್ತೆ ಒಣಗಿ ಗಟ್ಟಿಯಾಗುವ ಮೊದಲು ಮಾತ್ರ ಅದನ್ನ ಬದಲಿಸಬಹುದು. ಮುಚ್ಚಿಟ್ಟ ನೆನಪಿಗೆ ಯಾವ ಮದ್ದೂ ತಾಗಲ್ಲ.

ಮನುಷ್ಯರಿಗೆ ಆ ಇಲಿಯ ಔಷಧ ಕೊಡಲಿಕ್ಕಾಗಲ್ಲ, ಅದು ವಿಷ. ಹಾಗಾಗಿ ಆಮ್‌ಸ್ಟರ್‌ಡ್ಯಾಮಿನ ಮೆರೆಲ್ ಕಿಂಟ್ ಅವರ ತಂಡ ಪ್ರೊಪ್ರನೊಲಾಲನ್ನೇ ಹಿಡಿದುಕೊಂಡಿತು. 2009ರಲ್ಲಿ 60 ಜನರ ಮೇಲೆ ಪ್ರಯೋಗ. ಮೊದಲ ದಿನ ಜೇಡದ ಚಿತ್ರ ತೋರಿಸಿ ಸಣ್ಣ ಶಾಕ್ ಕೊಟ್ಟರು. ಮರುದಿನ ಮಾತ್ರೆ ಕೊಟ್ಟು ಆ ಚಿತ್ರವನ್ನ ಒಂದೇ ಸಲ ತೋರಿಸಿದರು. ಮೂರನೇ ದಿನ ಜೋರು ಶಬ್ದ ಮಾಡಿ ಕಣ್ಣರೆಪ್ಪೆ ಎಷ್ಟು ಬೆಚ್ಚುತ್ತೆ ಅಂತ ಅಳೆದರು. ಮಾತ್ರೆ ತಗೊಂಡು ಚಿತ್ರ ನೋಡಿದವರಲ್ಲಿ ಆ ಬೆಚ್ಚುವಿಕೆ ಇಲ್ಲ. ಮಾತ್ರೆ ತಗೊಂಡೂ ಚಿತ್ರ ನೋಡದವರಲ್ಲಿ ಭಯ ಹಾಗೇ ಇತ್ತು. ಇನ್ನೂ ಮಜಾ ಅಂದರೆ, ಭಯ ಹೋದವರಿಗೂ "ಈ ಚಿತ್ರ ಬಂದರೆ ಶಾಕ್ ಬರುತ್ತೆ" ಅನ್ನೋ ವಿಷಯ ಚೆನ್ನಾಗಿಯೇ ಗೊತ್ತಿತ್ತು. ತಿಳಿವಳಿಕೆ ಹೋಗಲಿಲ್ಲ, ಮುಳ್ಳು ಮಾತ್ರ ಹೋಯ್ತು.

2015ರಲ್ಲಿ ಅದೇ ಕಿಂಟ್, ಮಾರಿಕೆ ಸೂಟೆರ್ ಜೊತೆ ಸೇರಿ ನಿಜವಾಗಿಯೂ ಜೇಡಕ್ಕೆ ಹೆದರುವ 45 ಜನರನ್ನ ತಗೊಂಡರು. ಕೆಲವರನ್ನ ಎರಡು ನಿಮಿಷ ದೊಡ್ಡ ಟರಾಂಟುಲಾ ಜೇಡದ ಮುಂದೆ ನಿಲ್ಲಿಸಿ ಆಮೇಲೆ 40 ಮಿಲಿಗ್ರಾಂ ಮಾತ್ರೆ ಒಂದು ಕೊಟ್ಟರು. ಕೆಲವರಿಗೆ ಜೇಡದ ನಂತರ ಹುಸಿ ಮಾತ್ರೆ, ಇನ್ನು ಕೆಲವರಿಗೆ ಜೇಡ ಇಲ್ಲದೆ ಬರೀ ಮಾತ್ರೆ. ಜೇಡವನ್ನೂ ನೋಡಿ ಮಾತ್ರೆಯನ್ನೂ ತಗೊಂಡವರು ದಿನಗಳ ನಂತರ ಜೇಡದ ಹತ್ತಿರ ಹೋದರು, ಒಂದು ವರ್ಷದ ನಂತರವೂ ಆ ಬದಲಾವಣೆ ಉಳಿದಿತ್ತು. ಉಳಿದ ಎರಡು ಗುಂಪಿನಲ್ಲಿ ಹಾಗಾಗಲಿಲ್ಲ.

ಇದನ್ನ ಓದಿದಾಗ ನಾನು ನಕ್ಕಿದ್ದೆ. ಯಾಕೆ ಗೊತ್ತಾ? ಬಸ್ಸಿನ ಘಟನೆಯಾದ ಎರಡು ವರ್ಷಕ್ಕೆ ನನಗೆ ಅರೆತಲೆನೋವು ಶುರುವಾಗಿ, ಎಂಟು ತಿಂಗಳು ದಿನಾ ಇದೇ ಪ್ರೊಪ್ರನೊಲಾಲ್ ನುಂಗಿದ್ದೆ! ತಲೆನೋವು ಕಡಿಮೆ ಆಯ್ತು. ಘಟ್ಟದ ಭಯ ಒಂದು ಕೂದಲೂ ಅಲ್ಲಾಡಲಿಲ್ಲ. ನನ್ನ ಒಬ್ಬನ ಅನುಭವ ಯಾವ ಪ್ರಯೋಗವೂ ಅಲ್ಲ, ಅದು ನನಗೂ ಗೊತ್ತು. ಆದರೆ ಆ ಎಂಟು ತಿಂಗಳು ನಾನು ಘಟ್ಟದ ಕಡೆ ತಲೆ ಹಾಕಿ ಮಲಗಿರಲಿಲ್ಲ, ಆ ರಾತ್ರಿಯ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮನೆಯವರೂ ಆ ಮಾತು ಬಂದ ಕೂಡಲೇ ಬೇರೆ ಮಾತು ಎತ್ತುತ್ತಿದ್ದರು. ನನಗೆ ಒಳ್ಳೆಯದಾಗಲಿ ಅಂತಲೇ.

ಇನ್ನೊಂದು ಮಾತ್ರೆಯ ಕಥೆಯನ್ನೂ ಹೇಳಬೇಕು. ಅಪಘಾತ ಆದ ವಾರದಲ್ಲೇ, ನಿದ್ದೆ ಬರಲ್ಲ ಅಂದಿದ್ದಕ್ಕೆ ಒಬ್ಬ ಡಾಕ್ಟರು ಅಲ್ಪ್ರಜೋಲಾಮ್ ಬರೆದುಕೊಟ್ಟರು. ಎರಡು ನಿಮಿಷದ ಭೇಟಿ. ಏನಾಯ್ತು ಅಂತ ಕೇಳಲೂ ಇಲ್ಲ. ನಿದ್ದೆಯೇನೋ ಬಂತು. ಎರಡು ತಿಂಗಳು ತಗೊಂಡೆ, ಬಿಡುವಾಗ ಒದ್ದಾಡಿದೆ. ಈ ಜಾತಿಯ ನೆಮ್ಮದಿ ಮಾತ್ರೆಗಳನ್ನ ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆ ಅಂತ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸಲಹೆ ಕೊಟ್ಟಿದೆ. ಅವತ್ತಿನ ರಾತ್ರಿ ತಣ್ಣಗಾಗುತ್ತೆ, ಆದರೆ ಭಯದ ನೆನಪು ಕಡಿಮೆ ಆಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಭಯ ಇಳಿಯಬೇಕಾದರೆ "ಅದೇ ಜಾಗ, ಅದೇ ಶಬ್ದ, ಆದರೂ ಏನೂ ಆಗಲಿಲ್ಲ" ಅಂತ ಮಿದುಳು ಎಚ್ಚರವಾಗಿದ್ದು ಕಲಿಯಬೇಕಲ್ಲವೇ? ಮಂಪರಿನಲ್ಲಿ ಆ ಪಾಠ ಕಲಿಯೋದು ಕಷ್ಟ.

ಇದರ ತದ್ವಿರುದ್ಧ ಉದಾಹರಣೆಯೂ ಇದೆ. ಸೈಕ್ಲೋಸೆರಿನ್ ಅಂತ ಕ್ಷಯರೋಗದ ಹಳೇ ಔಷಧ. 2004ರಲ್ಲಿ ಅಟ್ಲಾಂಟಾದ ಕೆರ್ರಿ ರೆಸ್ಲರ್ ಮತ್ತು ಜೊತೆಗಾರರು ಎತ್ತರಕ್ಕೆ ಹೆದರುವ 28 ಜನರನ್ನ ಕಂಪ್ಯೂಟರಿನೊಳಗಿನ ಗಾಜಿನ ಲಿಫ್ಟಿನಲ್ಲಿ ಮೇಲೆ ಹತ್ತಿಸಿದರು. ಅದಕ್ಕೆ ಮುಂಚೆ ಈ ಔಷಧ ತಗೊಂಡವರ ಭಯ ಎರಡೇ ಸಲಕ್ಕೆ ಹೆಚ್ಚು ಇಳಿಯಿತು. ಈ ಔಷಧ ಭಯ ತೆಗೆಯುವ ಔಷಧವೇ ಅಲ್ಲ. ಎದುರಿಸಿ ಕಲಿಯುವ ಪಾಠವನ್ನ ಗಟ್ಟಿ ಮಾಡುತ್ತೆ, ಅಷ್ಟೇ. ಆಮೇಲಿನ ಪ್ರಯೋಗಗಳಲ್ಲಿ ಇದರ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಪಾಠ ಕೆಟ್ಟದಾಗಿ ನಡೆದ ದಿನ ಈ ಔಷಧ ಆ ಕೆಟ್ಟ ಪಾಠವನ್ನೇ ಗಟ್ಟಿ ಮಾಡುವ ಸಾಧ್ಯತೆಯೂ ಇದೆ ಅನ್ನುತ್ತಾರೆ.

ನಮ್ಮ ಬೆಂಗಳೂರಲ್ಲೂ ಈ ವಿಷಯದ ಮೇಲೆ ಒಳ್ಳೆಯ ಕೆಲಸ ಆಗಿದೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ಗುಂಪು 2005ರಲ್ಲಿ ಇಲಿಗಳನ್ನ ಒಂದೇ ಸಲ ಎರಡು ಗಂಟೆ ಅಲುಗಾಡದಂತೆ ಹಿಡಿದಿಟ್ಟು ನೋಡಿತು. ಮರುದಿನ ಹೆಚ್ಚೇನೂ ಇಲ್ಲ. ಹತ್ತು ದಿನದ ನಂತರ ನೋಡಿದರೆ ಇಲಿಗಳಲ್ಲಿ ಆತಂಕ ಹೆಚ್ಚಿತ್ತು, ಅಮಿಗ್ಡಲದ ನರಕೋಶಗಳ ಮೇಲೆ ಹೊಸ ಮೊಗ್ಗುಗಳಂಥ ಮುಳ್ಳುಗಳು ಎದ್ದಿದ್ದವು! 2012ರಲ್ಲಿ ಅದೇ ಗುಂಪು, ಒತ್ತಡಕ್ಕೆ ಮುಂಚೆ ಇಲಿಗಳಿಗೆ ಕೊಟ್ಟ ಸ್ಟೀರಾಯ್ಡ್ ಹಾರ್ಮೋನು ಈ ಬದಲಾವಣೆಯನ್ನ ತಡೆಯುತ್ತೆ ಅಂತ ತೋರಿಸಿತು. ಇಲಿಯ ಮಾತು ಮನುಷ್ಯರಿಗೆ ನೇರ ಅನ್ವಯಿಸಬಾರದು, ಒಪ್ಪಿದೆ. ಆದರೂ ಓದಿದಾಗ ಮೈ ಜುಂ ಅಂದಿತು. ನನಗೂ ಮೊದಲ ವಾರ ಎಲ್ಲ ಸರಿ ಇತ್ತು. ಪ್ಲಾಸ್ಟರ್ ಕೈ ತೋರಿಸಿಕೊಂಡು ನಗ್ತಾ ಕಥೆ ಹೇಳ್ತಿದ್ದೆ. ಬೆಚ್ಚಿಬೀಳೋದು ಶುರುವಾಗಿದ್ದು ಆಮೇಲೆ. "ಅವತ್ತು ಆರಾಮಾಗಿದ್ದೆಯಲ್ಲ, ಈಗೇನು ನಾಟಕ?" ಅಂತ ಕೇಳಿದವರಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ಪ್ರೊಪ್ರನೊಲಾಲ್ ತಗೊಂಡು ಜೇಡಕ್ಕೆ ಸಿಕ್ಕ ಗತಿಯನ್ನೇ ಎಲ್ಲ ಭಯಕ್ಕೂ ಕಾಣಿಸಬಹುದಾ? ನಿಧಾನ. ಕೆನಡಾದ ಅಲೆನ್ ಬ್ರುನೆ 2018ರಲ್ಲಿ ಆಘಾತದಿಂದ ನರಳುತ್ತಿದ್ದ 60 ಜನರಿಗೆ ವಾರಕ್ಕೊಮ್ಮೆ ಮಾತ್ರೆ ಕೊಟ್ಟು, ತಾವೇ ಬರೆದ ಆ ಘಟನೆಯ ವಿವರವನ್ನ ಓದಿಸಿದರು. ಆರು ವಾರದಲ್ಲಿ ಹುಸಿ ಮಾತ್ರೆಯವರಿಗಿಂತ ಇವರು ಹೆಚ್ಚು ಚೇತರಿಸಿಕೊಂಡರು. ಆದರೆ ಇದೇ ದಾರಿಯಲ್ಲಿ ಮೊದಲು ಕೆಲಸ ಮಾಡಿದ ರೋಜರ್ ಪಿಟ್ಮನ್ ಇದ್ದ ತಂಡವೇ 2015ರಲ್ಲಿ ಮೂರು ಪ್ರಯೋಗಗಳ ಫಲಿತಾಂಶ ಪ್ರಕಟಿಸಿತು. ಮೂರರಲ್ಲೂ ಗೆಲುವಿಲ್ಲ. ಬೆಲ್ಜಿಯಂನ ಲೂವನ್‌ನಲ್ಲಿ ಕಿಂಟ್ ಅವರ ಪ್ರಯೋಗವನ್ನ ಮತ್ತೆ ಮಾಡಿದವರಿಗೂ ಅದೇ ಫಲ ಸಿಗಲಿಲ್ಲ. ನೆನಪು ಯಾವಾಗ ಹಸಿಯಾಗುತ್ತೆ, ಯಾವಾಗ ಆಗಲ್ಲ ಅನ್ನೋದೇ ಹಿಡಿತಕ್ಕೆ ಸಿಗದ ಸಂಗತಿ. ಆದ್ದರಿಂದ ದಯವಿಟ್ಟು ಇದನ್ನ ಓದಿ ಮೆಡಿಕಲ್ ಸ್ಟೋರಿಗೆ ಓಡಬೇಡಿ. ಅಸ್ತಮಾ ಇರುವವರಿಗೆ ಈ ಮಾತ್ರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಕುಸಿದ ಸೂಚನೆಯನ್ನೇ ಮರೆಮಾಡಿಬಿಡುತ್ತೆ.

ಇನ್ನು ನೀತಿಯ ಪ್ರಶ್ನೆ. 2003ರಲ್ಲಿ ಅಮೆರಿಕದ ಅಧ್ಯಕ್ಷರ ಜೀವನೀತಿ ಮಂಡಳಿ ಒಂದು ವರದಿ ತಂದಿತು. ಕಹಿ ನೆನಪನ್ನ ಔಷಧದಿಂದ ಮೊಂಡು ಮಾಡಿದರೆ ನಾವು ನಾವಾಗಿ ಉಳಿಯುತ್ತೇವಾ, ತಪ್ಪು ಮಾಡಿದವನ ಪಶ್ಚಾತ್ತಾಪದ ಕಥೆ ಏನು ಅಂತ ಅದರಲ್ಲಿ ಚಿಂತಿಸಿದ್ದಾರೆ. ಕೊಂದವನು ಮಾತ್ರೆ ನುಂಗಿ ಹಾಯಾಗಿ ಮಲಗಿದರೆ? ಈ ಪ್ರಶ್ನೆ ನನಗೂ ಇರುಸುಮುರುಸು ಮಾಡುತ್ತೆ, ತಳ್ಳಿಹಾಕಲಾರೆ. ಆದರೆ ನೋವು ತಿಂದವರ ವಿಷಯದಲ್ಲಿ ಈ ವಾದ ನಾನು ಒಪ್ಪಲ್ಲ. ನೋವೇ ನಮ್ಮನ್ನ ರೂಪಿಸುತ್ತೆ ಅಂತ ಹೇಳುವವರು ಸಾಮಾನ್ಯವಾಗಿ ಆ ನೋವು ತಿಂದವರಾಗಿರಲ್ಲ. ಬ್ರೇಕಿನ ವಾಸನೆಗೆ ಅಂಗೈ ಬೆವರೋದರಿಂದ ನನ್ನ ವ್ಯಕ್ತಿತ್ವ ಏನೂ ಎತ್ತರ ಆಗಿಲ್ಲ. ಅಜ್ಜಿ ತೀರಿಕೊಂಡ ರಾತ್ರಿ ಸಿಕ್ಕ ಬಸ್ಸು ಹತ್ತಲಾಗದೆ ಬೆಳಗಿನವರೆಗೆ ಕಾದು, ಮುಖ ನೋಡಲೂ ಸಿಗದೇ ಹೋಯ್ತು. ಅಷ್ಟೇ ಲಾಭ.

ನನಗೆ ನಿಜವಾಗಿ ಹೆದರಿಕೆ ಆಗೋದು ಬೇರೆ ಕಾರಣಕ್ಕೆ. ನಾಳೆ ಇಂಥದ್ದೊಂದು ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತೆ ಅಂತಲೇ ಆಗಲಿ. ನಮ್ಮಲ್ಲಿ ಅದನ್ನೂ ಎರಡು ನಿಮಿಷದಲ್ಲಿ ಚೀಟಿ ಬರೆದು ಕೊಟ್ಟುಬಿಡ್ತಾರೆ. ಮಾತ್ರೆಯ ಪಾಲು ಒಂದು ಗುಟುಕು ನೀರು. ಉಳಿದ ಪಾಲು ಆ ನೆನಪನ್ನ ಎತ್ತಿ ಮುಂದಿಡೋದು, ಎದುರಿಗೆ ಒಬ್ಬರು ಕೂತು ಕೇಳೋದು. ಆ ಪಾಲಿಗೆ ಯಾರ ಹತ್ತಿರವೂ ಸಮಯ ಇಲ್ಲ. ಡಾಕ್ಟರ ಹತ್ತಿರವೂ ಇಲ್ಲ, ಮನೆಯಲ್ಲೂ ಇಲ್ಲ. "ಮರೆತುಬಿಡು" ಅಂದರೆ ಎಷ್ಟೋ ಸಲ "ನನ್ನ ಹತ್ತಿರ ಹೇಳಬೇಡ" ಅಂತಲೇ ಅರ್ಥ.

ಕಳೆದ ವರ್ಷದಿಂದ ನಾನು ಒಬ್ಬರು ಆಪ್ತಸಲಹೆಗಾರರ ಹತ್ತಿರ ಹೋಗ್ತಿದ್ದೀನಿ. ಮಾತ್ರೆ ಏನೂ ಇಲ್ಲ. ಆ ರಾತ್ರಿಯನ್ನ ಮೊದಲಿಂದ ಕೊನೆವರೆಗೆ ಹೇಳೋದು, ಮತ್ತೆ ಹೇಳೋದು. ಮೊದಲ ಸಲ ಹೇಳುವಾಗ ನಡುಗಿದ್ದೆ. ಈಗ ಹೇಳುವಾಗ ಒಂದೊಂದು ಸಲ ನಗೂ ಬರುತ್ತೆ. ಫೆಬ್ರವರಿಯಲ್ಲಿ ಹಗಲು ಬಸ್ಸಲ್ಲಿ ಸಕಲೇಶಪುರದವರೆಗೆ ಹೋಗಿ ಕಾಫಿ ಕುಡಿದು ವಾಪಸ್ ಬಂದೆ. ಘಟ್ಟ ಅಲ್ಲಿಂದ ಮುಂದೆ ಶುರು, ಗೊತ್ತು. ಮದುವೆ ಮನೆಯಲ್ಲಿ ಭಾವನಿಗೆ ಇದನ್ನೆಲ್ಲ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಏನಾಗಿತ್ತು ಅಂತ ನಾನು ಸರಿಯಾಗಿ ಕೇಳೇ ಇಲ್ಲ ಅಲ್ವಾ" ಅಂದ. ಊಟದ ಎಲೆ ಮುಂದೆಯೇ ಪೂರ್ತಿ ಕೇಳಿಸಿಕೊಂಡ. ಮುಂದಿನ ಸಲ ಹಗಲು ಬಸ್ಸಲ್ಲಿ ಜೊತೆಗೆ ಘಟ್ಟ ಇಳಿಯೋಣ ಅಂತ ಮಾತಾಗಿದೆ.

ನಿಮ್ಮ ಸುತ್ತಮುತ್ತ ಯಾರಾದರೂ ನಾಯಿಗೆ, ನೀರಿಗೆ, ಬೆಂಕಿಗೆ ಹೆದರುವವರಿದ್ದರೆ, ಮುಂದಿನ ಸಲ "ಮರೆತುಬಿಡು" ಅನ್ನುವ ಮೊದಲು "ಏನಾಗಿತ್ತು?" ಅಂತ ಒಮ್ಮೆ ಕೇಳಿ. ಅವರಿಗೆ ಹೇಳಬೇಕು ಅನ್ನಿಸಿದರೆ ಹೇಳಲಿ, ಒತ್ತಾಯ ಬೇಡ. ನಿಮಗೂ ಇಂಥ ಭಯ ಏನಾದರೂ ಇದ್ದರೆ ಬರೆಯಿರಿ, ಓದಲಿಕ್ಕೆ ನಾನಿದ್ದೀನಿ.